ಮಿಲ್ಲು ಮುಚ್ಚಿತು, ನೆಲ ದುಡಿಯಿತು

ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಸೀಮೆಯವರಿಗೆ ಬೆಂಗಳೂರಿನ ಬಾಗಿಲು ತುಮಕೂರು ರಸ್ತೆ. ಕೆ.ಬಿ. ಕ್ರಾಸ್ ಕಡೆಯಿಂದ ಬಂದರೂ ಮಾಯಸಂದ್ರದ ಕಡೆಯಿಂದ ಬಂದರೂ ನೆಲಮಂಗಲದಲ್ಲಿ ಎಲ್ಲರೂ ಒಂದಾಗಿ, ಪೀಣ್ಯ, ಗೊರಗುಂಟೆಪಾಳ್ಯ, ಯಶವಂತಪುರ ದಾಟಿಕೊಂಡೇ ಮೆಜೆಸ್ಟಿಕ್ ಸೇರಬೇಕು. ಹಿಂದಿನ ತಲೆಮಾರಿನವರು ಈ ದಾರಿಯ ಗುರುತುಗಳನ್ನು ಕಾರ್ಖಾನೆಗಳ ಹೆಸರಿನಲ್ಲೇ ಹೇಳುತ್ತಿದ್ದರು: ಸೋಪ್ ಫ್ಯಾಕ್ಟರಿ, ಮೈಸೂರು ಲ್ಯಾಂಪ್ಸ್, ಕಿರ್ಲೋಸ್ಕರ್, ರಾಜಾ ಮಿಲ್. ಅದೇ ದಾರಿಯಲ್ಲಿ ಇವತ್ತು ಮೆಟ್ರೊ ಹತ್ತುವ ಮೊಮ್ಮಕ್ಕಳ ಬಾಯಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್, ಒರಾಯನ್ ಮಾಲ್, ಮಂತ್ರಿ ಮಾಲ್. ನೆಲ ಅದೇ. ಅದರ ಮೇಲೆ ನಡೆಯುವ ದುಡಿಮೆ ಬೇರೆ, ಆ ದುಡಿಮೆಗೆ ಒಳಗೆ ಬಿಟ್ಟುಕೊಳ್ಳುವ ಗೇಟು ಬೇರೆ, ಲಾಭ ಹೋಗಿ ಸೇರುವ ಜೇಬೂ ಬೇರೆ.

ಇದು ಹೇಗಾಯಿತು ಎಂದು ತಿಳಿದುಕೊಳ್ಳುವುದು ನಮ್ಮ ತೆಂಗಿನ ಸೀಮೆಗೆ ಈಗ ತುರ್ತಿನ ವಿಷಯ. ಏಕೆಂದರೆ ಅದೇ ರಸ್ತೆ ಹಿಡಿದು ಕಾರ್ಖಾನೆಗಳು ನಮ್ಮ ಕಡೆಗೆ ಬರುತ್ತಿವೆ.

ಗೇಟಿನ ಒಳಗೆ

ಬೆಂಗಳೂರಿಗೆ ಹತ್ತಿ ಗಿರಣಿಗಳು ಬಂದದ್ದು 1880ರ ದಶಕದಲ್ಲಿ. ಮುಂದೆ ಬಿನ್ನಿ ಮಿಲ್ ಎಂದೇ ಹೆಸರಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ 1884ರದು. ಮೈಸೂರು ಸ್ಪಿನ್ನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ, ಅಂದರೆ ಜನರ ಬಾಯಲ್ಲಿ ರಾಜಾ ಮಿಲ್, ಅದರ ಸಮಕಾಲೀನ. ಆಗ ಮಲ್ಲೇಶ್ವರ ಬಡಾವಣೆ ಇನ್ನೂ ಹುಟ್ಟಿರಲಿಲ್ಲ. 1898ರ ಪ್ಲೇಗ್ ಬಂದು ಪೇಟೆಯ ಜನ ಗಾಳಿ ಬೆಳಕಿನ ಜಾಗ ಹುಡುಕಿದ ಮೇಲೆ ಬಡಾವಣೆ ಬೆಳೆಯಿತು. ಮಿಲ್ಲು ಅಷ್ಟರಲ್ಲಿ ಅಲ್ಲಿ ನಿಂತಾಗಿತ್ತು. ಮಿಲ್ಲು ಬಂದ 1880ರ ದಶಕದಲ್ಲೇ ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆ ಮಾರ್ಗವಾಗಿ ಹರಿಹರದ ತನಕ ರೈಲು ಓಡಿತು. ಹತ್ತಿ ಆ ಹಳಿಯ ಮೇಲೆ ಬಂತು. ಜನರೂ ಬಂದರು.

ಎರಡನೆಯ ಅಲೆ ಸ್ವಾತಂತ್ರ್ಯದ ಆಚೀಚೆ. ಬಲ್ಬು ಮಾಡುವ ಮೈಸೂರು ಲ್ಯಾಂಪ್ಸ್ 1936ರಲ್ಲಿ, ಕಿರ್ಲೋಸ್ಕರ್ ಎಲೆಕ್ಟ್ರಿಕ್ 1946ರಲ್ಲಿ. ಕಬ್ಬನ್ ಪಾರ್ಕಿನ ಹತ್ತಿರವಿದ್ದ ಸರ್ಕಾರಿ ಸೋಪ್ ಫ್ಯಾಕ್ಟರಿ 1957ರಲ್ಲಿ ಈ ಕಡೆ ಬಂತು. ಇವುಗಳ ಸುತ್ತ ಕಾರ್ಮಿಕರಿಗಾಗಿಯೇ ರಾಜಾಜಿನಗರ ಬೆಳೆಯಿತು. ಅಲ್ಲಿನ ಇಂಡಸ್ಟ್ರಿಯಲ್ ಟೌನು, ಸಣ್ಣ ಶೆಡ್ಡುಗಳ ಕೈಗಾರಿಕಾ ಎಸ್ಟೇಟು, ಇಎಸ್ಐ ಆಸ್ಪತ್ರೆ ಎಲ್ಲವೂ ಆ ಕಾಲದ ಒಂದು ಲೆಕ್ಕಾಚಾರದ ಭಾಗ: ಕಾರ್ಖಾನೆ ಇದ್ದಲ್ಲಿ ಮನೆ, ಮನೆ ಇದ್ದಲ್ಲಿ ಆಸ್ಪತ್ರೆ. ಹೆಚ್ಚಿನ ಕಾರ್ಖಾನೆಗಳು ಹೋದ ಮೇಲೂ ಆಸ್ಪತ್ರೆ ಉಳಿದಿದೆ. ಇಲ್ಲಿ ಒಂದು ಕಾಲದಲ್ಲಿ ಯಾರು ಬದುಕಿದ್ದರು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಆ ಗೇಟಿನ ಗುಣವನ್ನು ಮರೆಯಬಾರದು. ಓದು ಅರ್ಧಕ್ಕೆ ಬಿಟ್ಟವನಿಗೂ ಅದು ತೆರೆಯುತ್ತಿತ್ತು. ಎಸ್ಸೆಸ್ಸೆಲ್ಸಿ ಫೇಲಾದ ಹುಡುಗ ಊರಿನ ಯಾರದೋ ರೂಮಿನಲ್ಲಿ ಚಾಪೆ ಹಾಸಿಕೊಂಡು, ಮೊದಲು ಬದಲಿ ಕಾರ್ಮಿಕನಾಗಿ ಗೇಟಿನ ಬಳಿ ಕಾದು, ಆಮೇಲೆ ಕಾಯಂ ಆಗಿ, ಮೂರು ಪಾಳಿಯಲ್ಲಿ ದುಡಿದು, ದೀಪಾವಳಿ ಬೋನಸ್ಸಿನಲ್ಲಿ ಊರಿನ ಮನೆಗೆ ಹೆಂಚು ಹೊದಿಸಿದ. ‘ಮಿಲ್ಲಿಗೆ ಸೇರ್ಕೊಂಡವ್ನೆ’ ಎಂದರೆ ನಮ್ಮ ಕಡೆ ಹೆಣ್ಣು ಕೊಡುವುದಕ್ಕೆ ಅಷ್ಟು ಸಾಕಿತ್ತು. ಪಿ.ಎಫ್., ಗ್ರಾಚ್ಯುಯಿಟಿ, ಸಂಘ, ಸಂಘದ ಮುಷ್ಕರ, ಎಲ್ಲವೂ ಆ ಬದುಕಿನ ಭಾಗವೇ. 1980ರ ಡಿಸೆಂಬರಿನಲ್ಲಿ ಶುರುವಾದ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರದಲ್ಲಿ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್‌ಗಳ ಲಕ್ಷಕ್ಕೂ ಹೆಚ್ಚು ಕಾರ್ಮಿಕರು 77 ದಿನ ಹೊರಗೆ ನಿಂತರು. ಬೆಂಗಳೂರು ಕಾರ್ಮಿಕರ ಊರಾಗಿತ್ತು ಎಂದು ಇಂದಿನವರಿಗೆ ಹೇಳಿದರೆ ನಂಬುವುದು ಕಷ್ಟ.

ಮಿಲ್ಲುಗಳು ಆ ಹೊತ್ತಿಗಾಗಲೇ ಬಳಲಿದ್ದವು. ಅಜ್ಜನ ಕಾಲದ ಯಂತ್ರ, ತೆರಿಗೆ ಕೂಲಿ ಎರಡರಲ್ಲೂ ಅಗ್ಗವಾದ ಪವರ್‌ಲೂಮಿನ ಪೈಪೋಟಿ, ಟೆರಿಲೀನ್ ಬಟ್ಟೆಯ ಮೋಹ, ಬಂದ ಲಾಭವನ್ನು ಮಗ್ಗಕ್ಕೆ ಹಾಕದೆ ಬೇರೆಡೆಗೆ ಸಾಗಿಸಿದ ಮಾಲೀಕರು. ಹೀಗೆ ಕಾಯಿಲೆ ಬಿದ್ದ ಗಿರಣಿಗಳನ್ನು 1974ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಕರಣ ಮಾಡಿ ರಾಷ್ಟ್ರೀಯ ಜವಳಿ ನಿಗಮಕ್ಕೆ ಒಪ್ಪಿಸಿತು. ಬೆಂಗಳೂರಿನ ಮಿನರ್ವ ಮಿಲ್ಸ್ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಯಿತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂಬುದನ್ನು ಗಟ್ಟಿ ಮಾಡಿದ 1980ರ ತೀರ್ಪಿಗೆ ಇವತ್ತಿಗೂ ಆ ಮಿಲ್ಲಿನದೇ ಹೆಸರು. ಕಾನೂನು ಓದುವ ಪ್ರತಿ ವಿದ್ಯಾರ್ಥಿಗೂ ಮಿನರ್ವ ಗೊತ್ತು. ಅಲ್ಲಿ ನೂಲು ತೆಗೆದವರ ನೆನಪು ಯಾವ ಪಠ್ಯದಲ್ಲೂ ಇಲ್ಲ.

ಎಕರೆ ಹೋಗಿ ಚದರಡಿ ಬಂತು

ಮಿಲ್ಲು ಸಾಯುವುದಕ್ಕೂ ಅಲ್ಲಿ ಗಾಜಿನ ಗೋಪುರ ಏಳುವುದಕ್ಕೂ ನಡುವೆ ಒಂದು ಲೆಕ್ಕವಿದೆ. ಅದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ.

ಒಂದು ಎಕರೆ ಅಂದರೆ 40 ಗುಂಟೆ, 43,560 ಚದರಡಿ. ಮಿಲ್ಲಿನ ಶೆಡ್ಡು ನೆಲದ ಮೇಲೆ ಹರಡಿಕೊಂಡು ಒಂದೇ ಅಂತಸ್ತಿನಲ್ಲಿ ಇರುತ್ತಿತ್ತು. ಈಗ ನಗರ ಯೋಜನೆಯ ನಿಯಮ ನಿವೇಶನದ ಮೂರು ಪಟ್ಟು ಕಟ್ಟಲು ಬಿಡುತ್ತದೆ ಎಂದಿಟ್ಟುಕೊಳ್ಳಿ. ಒಂದೇ ಎಕರೆಯಲ್ಲಿ 1,30,680 ಚದರಡಿ ಕಚೇರಿ ಎದ್ದು ನಿಲ್ಲುತ್ತದೆ. ಲೆಕ್ಕಕ್ಕೆ ಸುಲಭವಾಗಲಿ ಎಂದು ಚದರಡಿಗೆ ತಿಂಗಳ ಬಾಡಿಗೆ 100 ರೂಪಾಯಿ ಹಿಡಿದರೆ ಒಂದು ಎಕರೆ ತಿಂಗಳಿಗೆ 1 ಕೋಟಿ 30 ಲಕ್ಷ ದುಡಿಯುತ್ತದೆ. ಎಷ್ಟೇ ನೂಲು ತೆಗೆದರೂ ಯಾವ ಗಿರಣಿಯೂ ಒಂದು ಎಕರೆಯಿಂದ ಇಷ್ಟು ತೆಗೆಯಲಾರದು. ಹತ್ತಾರು ವರ್ಷದಲ್ಲಿ ಊರು ಬೆಳೆದು ಮಿಲ್ಲಿನ ಗೋಡೆಯನ್ನು ಸುತ್ತುವರಿಯಿತು, ಒಳಗಿನ ನೆಲ ಒಳಗಿನ ಯಂತ್ರಕ್ಕಿಂತ ಬೆಲೆಯುಳ್ಳದ್ದಾಯಿತು. ಆ ದಿನದಿಂದ ಕಾರ್ಖಾನೆಯನ್ನು ಉಳಿಸುವುದರಲ್ಲಿ ಮಾಲೀಕನಿಗೆ ಆಸಕ್ತಿ ಇರುವುದಿಲ್ಲ. ಮುಷ್ಕರದಿಂದ ಮಿಲ್ಲು ಮುಚ್ಚಿತು ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ನೆಲದ ಬೆಲೆಯನ್ನು ಪಕ್ಕಕ್ಕಿಟ್ಟು ಆಡುವ ಈ ಮಾತು ಅರ್ಧ ಸತ್ಯ ಎಂದೇ ನನ್ನ ಎಣಿಕೆ.

ಕಚೇರಿ ಕಟ್ಟುವವರಿಗೆ ಹಳೆಯ ಮಿಲ್ಲಿನ ಜಾಗವೇ ಬೇಕಾಗುವುದಕ್ಕೂ ಕಾರಣವಿದೆ. ಹಳೆಯ ಊರಿನ ನಡುವೆ 20-40 ಎಕರೆ ಒಂದೇ ಪಹಣಿಯಲ್ಲಿ, ಒಬ್ಬನೇ ಮಾಲೀಕನ ಕೈಯಲ್ಲಿ ಸಿಗುವುದು ಅಲ್ಲಿ ಮಾತ್ರ. ಅಗಲವಾದ ರಸ್ತೆ, ಪಕ್ಕದಲ್ಲೇ ರೈಲು, ದಪ್ಪನೆಯ ನೀರಿನ ಪೈಪು, ಹೈಟೆನ್ಷನ್ ವಿದ್ಯುತ್ತು ಎಲ್ಲವೂ ಕಾರ್ಖಾನೆಗಾಗಿ ಯಾವತ್ತೋ ಬಂದಿರುತ್ತವೆ. ಬೇಕಾಗುವುದು ಮಹಾಯೋಜನೆಯ ನಕ್ಷೆಯಲ್ಲಿ ಆ ಜಾಗಕ್ಕೆ ಬಳಿದ ಕೈಗಾರಿಕೆಯ ಬಣ್ಣವನ್ನು ವಾಣಿಜ್ಯದ ಬಣ್ಣಕ್ಕೆ ತಿರುಗಿಸುವ ಒಂದು ಆದೇಶ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14-ಎ ಪ್ರಕರಣ ಭೂಬಳಕೆ ಬದಲಾವಣೆಗೆ ಅವಕಾಶ ಕೊಡುತ್ತದೆ. ಆ ಒಂದು ಕಾಗದ ನೆಲದ ಬೆಲೆಯನ್ನು ರಾತ್ರೋರಾತ್ರಿ ಎತ್ತಿಬಿಡುತ್ತದೆ. ಅದಕ್ಕಾಗಿ ಯಾರೂ ಒಂದು ಬುಟ್ಟಿ ಮಣ್ಣು ಹೊತ್ತಿರುವುದಿಲ್ಲ.

ತೆಂಗು ಬೆಳೆದವರಿಗೆ ಇದರ ಮರ್ಮ ಬೇಗ ಅರ್ಥವಾಗುತ್ತದೆ. ಉಂಡೆ ಕೊಬ್ಬರಿಯಾಗಲು ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂರಬೇಕು. 2023ರಲ್ಲಿ ಕೇಂದ್ರ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಬಹಳ ಕೆಳಗಿಳಿದು, ನ್ಯಾಫೆಡ್ ಖರೀದಿಗಾಗಿ ರೈತರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ 30 ಸಾವಿರ ದಾಟಿತು. ಆ ಬೆಲೆ ಸಿಕ್ಕಿದ್ದು ಅಟ್ಟದಲ್ಲಿ ಮಾಲು ಇಟ್ಟುಕೊಂಡು ಕಾಯಬಲ್ಲವರಿಗೆ. ಮಗಳ ಮದುವೆಗೋ ಸೊಸೈಟಿ ಸಾಲಕ್ಕೋ ಎಳನೀರನ್ನೇ ಮಾರಿಕೊಂಡವರಿಗೆ ಸಿಗಲಿಲ್ಲ. ಮಿಲ್ಲಿನ ನೆಲದ ವಿಷಯದಲ್ಲೂ ಅಷ್ಟೇ: ಇಪ್ಪತ್ತು ವರ್ಷ ಬೀಗ ಹಾಕಿ ಕಾಯಬಲ್ಲ ಮಾಲೀಕನಿಗೆ ನೆಲ ದುಡಿದು ಕೊಟ್ಟಿತು. ಮುಂದಿನ ತಿಂಗಳ ರೇಷನ್ನಿಗೆ ಕಾಯಲಾಗದ ಕಾರ್ಮಿಕ ಸ್ವಯಂ ನಿವೃತ್ತಿಯ ಹಣ ಎಣಿಸಿಕೊಂಡು ಊರಿಗೆ ಹೊರಟ.

ಪರೇಲಿನ ಪಾಠ

ಈ ಕಥೆ ಇಡಿಯಾಗಿ ನಡೆದದ್ದು ಮುಂಬೈಯಲ್ಲಿ. 1982ರ ಜನವರಿ 18ರಂದು ದತ್ತಾ ಸಾಮಂತ್ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಷ್ಕರ ಮುಗಿಯಿತು ಎಂದು ಯಾರೂ ಅಧಿಕೃತವಾಗಿ ಘೋಷಿಸಲೇ ಇಲ್ಲ. ಪರೇಲ್, ಲೋವರ್ ಪರೇಲ್, ವರ್ಲಿಯ ಗಿರಣಿಗಳಿಗೆ ಬೀಗ ಬಿತ್ತು. ಮುಂಬೈಗೆ ಹೋಗಿದ್ದ ಕನ್ನಡಿಗರ ಬದುಕೂ ಈ ಕೇರಿಗಳ ಜೊತೆ ಹೆಣೆದುಕೊಂಡಿತ್ತು. ಹಗಲು ಹೋಟೆಲು, ಕ್ಯಾಂಟೀನು, ಗಿರಣಿಯಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದ ತಲೆಮಾರು ಅದು.

ಮಹಾರಾಷ್ಟ್ರ ಸರ್ಕಾರ 1991ರಲ್ಲಿ ಒಂದು ನಿಯಮ ತಂದಿತು. ಗಿರಣಿ ಜಾಗ ಬೇರೆ ಬಳಕೆಗೆ ಹೋಗುವುದಾದರೆ ಮೂರನೇ ಒಂದು ಭಾಗ ಉದ್ಯಾನ, ಮೈದಾನಗಳಿಗೆ; ಇನ್ನೊಂದು ಭಾಗ ವಸತಿ ಮಂಡಳಿಗೆ, ಬಡವರ ಮನೆಗೆ; ಮಿಕ್ಕದ್ದು ಮಾಲೀಕರಿಗೆ. ಎಷ್ಟು ನ್ಯಾಯವಾದ ಹಂಚಿಕೆ! 2001ರಲ್ಲಿ ಇದೇ ನಿಯಮಕ್ಕೆ ಒಂದು ತಿದ್ದುಪಡಿ ಸೇರಿತು: ಹಂಚಿಕೆ ಅನ್ವಯಿಸುವುದು ಗಿರಣಿಯೊಳಗಿನ ಖಾಲಿ ಜಾಗಕ್ಕೆ ಮಾತ್ರ, ಕಟ್ಟಡ ನಿಂತ ಜಾಗಕ್ಕಲ್ಲ. ಗಿರಣಿಯಲ್ಲಿ ಖಾಲಿ ಜಾಗ ಎಷ್ಟಿರುತ್ತದೆ? ಊರಿಗೆ ಸಿಗಬೇಕಿದ್ದ ನೆಲ ಒಂದು ಸಾಲಿನಲ್ಲಿ ಕರಗಿತು. ಪರಿಸರವಾದಿಗಳು ಹೈಕೋರ್ಟಿನಲ್ಲಿ ಗೆದ್ದರೂ 2006ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ರಾಷ್ಟ್ರೀಯ ಜವಳಿ ನಿಗಮ 2005ರಲ್ಲಿ ಮಾರಿದ ಜುಪಿಟರ್, ಎಲ್ಫಿನ್‌ಸ್ಟನ್ ಗಿರಣಿಗಳ ಜಾಗದಲ್ಲಿ ಹಣಕಾಸು ಕಂಪನಿಗಳ ಗೋಪುರಗಳು ಎದ್ದವು. 1905ರ ಫೀನಿಕ್ಸ್ ಮಿಲ್ಲು ಮಾಲ್ ಆಯಿತು. ಕಾರ್ಮಿಕರ ಮನೆಗಳಿಗೆ ಲಾಟರಿ ಎತ್ತಿದ್ದು 2012ರಲ್ಲಿ, ಮುಷ್ಕರ ನಡೆದು 30 ವರ್ಷದ ಮೇಲೆ.

ನೆಲದ ಮೇಲಿನ ಕಟ್ಟಡ ಬದಲಾಯಿತು, ಸುತ್ತಲಿನ ಸವಲತ್ತು ಬದಲಾಗಲಿಲ್ಲ. ಗಿರಣಿ ಕಾರ್ಮಿಕ ಹತ್ತಿರದ ಚಾಳಿನಿಂದ ನಡೆದು ಬರುತ್ತಿದ್ದ. ಕಚೇರಿಯ ನೌಕರ ದೂರದಿಂದ ರೈಲಿನಲ್ಲಿ ಬರುತ್ತಾನೆ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಮೇಲ್ಸೇತುವೆಯ ಮೇಲೆ ಮಳೆ ತಪ್ಪಿಸಿಕೊಳ್ಳಲು ನಿಂತ ಜನದಟ್ಟಣೆಯಲ್ಲಿ ಕಾಲ್ತುಳಿತವಾಗಿ 23 ಜನ ಸತ್ತರು. ಸರಿಯಾಗಿ ಮೂರು ತಿಂಗಳಿಗೆ, ಡಿಸೆಂಬರ್ 29ರಂದು, ಕಮಲಾ ಮಿಲ್ಸ್ ಆವರಣದ ಪಬ್ಬುಗಳಿಗೆ ಬೆಂಕಿ ಬಿದ್ದು 14 ಜನ ಸತ್ತರು. ಗಿರಣಿಗೆಂದು ಹಾಕಿದ ದಾರಿಗಳ ಮೇಲೆ ಹಣಕಾಸಿನ ಪಟ್ಟಣವನ್ನು ಹೇರಿದರೆ ಆಗುವುದು ಇದು.

ಲಂಡನ್ನಿನ ಹಡಗುಕಟ್ಟೆಗಳೂ ಇದೇ ದಾರಿ ಹಿಡಿದವು. 1802ರಲ್ಲಿ ತೆರೆದ ವೆಸ್ಟ್ ಇಂಡಿಯಾ ಡಾಕ್ಸ್ 1980ರಲ್ಲಿ ಮುಚ್ಚಿತು. ಅಲ್ಲಿ ಎದ್ದ ಕ್ಯಾನರಿ ವಾರ್ಫ್ ಇಂದು ಬ್ಯಾಂಕುಗಳ ಬೀಡು. ಅಲ್ಲಿ ಸರ್ಕಾರ 1981ರಲ್ಲೇ ಒಂದು ಅಭಿವೃದ್ಧಿ ನಿಗಮ ಮಾಡಿ, ಕಟ್ಟಡದ ಜೊತೆಜೊತೆಗೆ ರೈಲು ಹಾಕಿತು. ಹಡಗಿನ ಸರಕು ಇಳಿಸುತ್ತಿದ್ದವರ ಮಕ್ಕಳಿಗೆ ಬ್ಯಾಂಕಿನಲ್ಲಿ ಎಷ್ಟು ಕೆಲಸ ಸಿಕ್ಕಿತು ಎಂಬ ಜಗಳ ಅಲ್ಲೂ ನಡೆಯಿತು.

ಶ್ರೀಗಂಧದ ಗಾಳಿ

ಬೆಂಗಳೂರಿನಲ್ಲಿ ಮೂರನೇ ಒಂದು ಭಾಗದ ಸೂತ್ರವೂ ಬರಲಿಲ್ಲ. ಇಲ್ಲಿ ಎಲ್ಲವೂ ಬಿಡಿಬಿಡಿಯಾಗಿ, ಸದ್ದಿಲ್ಲದೆ ನಡೆಯಿತು. ಕಿರ್ಲೋಸ್ಕರ್ ಕಾರ್ಖಾನೆಯ ಜಾಗದಲ್ಲಿ ಬ್ರಿಗೇಡ್ ಗೇಟ್‌ವೇ ಎದ್ದಿತು. 2010ರಲ್ಲಿ ಮುಗಿದ ಅಲ್ಲಿನ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ವರ್ಷಗಟ್ಟಲೆ ಅಮೆಜಾನಿನ ಭಾರತದ ಮುಖ್ಯ ಕಚೇರಿ ಇತ್ತು. ರಾಜಾ ಮಿಲ್ ಜಾಗದಲ್ಲಿ ಅದೇ ವರ್ಷ ಮಂತ್ರಿ ಮಾಲ್ ತೆರೆಯಿತು. 2014ರ ಮಾರ್ಚಿನಲ್ಲಿ ಪೀಣ್ಯದಿಂದ ಅಲ್ಲಿಗೆ ಮೆಟ್ರೊ ಬಂತು. ನಿಲ್ದಾಣದ ಹೆಸರಿನಲ್ಲೂ ಮಾಲ್ ಸೇರಿಕೊಂಡಿತು; ರಾಜಾ ಮಿಲ್ ಸೇರಲಿಲ್ಲ. ಬಿನ್ನಿ ಮಿಲ್ ಆವರಣ ಅಪಾರ್ಟ್‌ಮೆಂಟುಗಳಾಯಿತು. ಊರ ನಡುವಿನ ಹಳೆಯ ಬಿಯರ್ ಕಾರ್ಖಾನೆಯ ಜಾಗದಲ್ಲಿ 2008ರಲ್ಲಿ ಯುಬಿ ಸಿಟಿ ಬಂತು.

ಪೀಣ್ಯದ ಕಡೆಯಿಂದ ಮೆಟ್ರೊದಲ್ಲಿ ಬಂದರೆ ಈ ಪದರಗಳೆಲ್ಲ ಮೇಲಿನಿಂದ ಕಾಣುತ್ತವೆ. ಮೊದಲು ಪೀಣ್ಯದ ಶೀಟಿನ ಚಾವಣಿಗಳು, ತುಕ್ಕಿನ ಬಣ್ಣ, ಟೆಂಪೊಗಳ ಸಾಲು. ಯಶವಂತಪುರ ದಾಟಿ ಸೋಪ್ ಫ್ಯಾಕ್ಟರಿ ನಿಲ್ದಾಣದಲ್ಲಿ ಬಾಗಿಲು ತೆರೆದರೆ ಕೆಲವು ದಿನ ಗಂಧದ ವಾಸನೆ ಬೋಗಿಯೊಳಗೇ ಬರುತ್ತದೆ. ಕೆಳಗೆ ಕಾರ್ಖಾನೆ ಇನ್ನೂ ಕೆಲಸ ಮಾಡುತ್ತಿದೆ. ಪಕ್ಕದಲ್ಲೇ ಟ್ರೇಡ್ ಸೆಂಟರಿನ ಗಾಜಿನ ಗೋಡೆ. ನೆಲದ ಬೆಲೆ ಎಷ್ಟೇ ಏರಿದ್ದರೂ ಸೋಪ್ ಫ್ಯಾಕ್ಟರಿ ಅಲ್ಲೇ ಉಳಿದಿರುವುದಕ್ಕೆ ಎರಡು ಕಾರಣ: ಅದು ಸರ್ಕಾರದ್ದು, ಮತ್ತು ಅದು ಲಾಭದಲ್ಲಿದೆ. ಎರಡರಲ್ಲಿ ಒಂದು ತಪ್ಪಿದರೂ ಕಷ್ಟ. ಹತ್ತಿರದ ಮೈಸೂರು ಲ್ಯಾಂಪ್ಸ್ ಕೂಡ ಸರ್ಕಾರದ್ದೇ, ಲಾಭವಿರಲಿಲ್ಲ, 2003ರಲ್ಲಿ ನಿಂತಿತು. ಅದರ ಸುಮಾರು 20 ಎಕರೆಗೆ ಅಂದಿನಿಂದ ಒಂದಲ್ಲ ಒಂದು ಯೋಜನೆ ಹೇಳುತ್ತಲೇ ಇದ್ದಾರೆ. ಆ ನೆಲವನ್ನು ಮಾರದೆ ಸಾರ್ವಜನಿಕ ಬಳಕೆಗೇ ಇಡಬೇಕು.

ಹಾಗಾದರೆ ಗಾಜಿನ ಗೋಡೆಯೊಳಗೆ ನಡೆಯುವುದೇನು? ಷೇರುಪೇಟೆ, ರಿಸರ್ವ್ ಬ್ಯಾಂಕು ಇರುವುದು ಮುಂಬೈಯಲ್ಲಿ. ಆದರೆ ಜಗತ್ತಿನ ದೊಡ್ಡ ಬ್ಯಾಂಕುಗಳ ಲೆಕ್ಕ, ಸಾಲದ ಅಪಾಯದ ಅಂದಾಜು, ವಂಚನೆ ಪತ್ತೆ, ಸಾಫ್ಟ್‌ವೇರಿನ ಕೆಲಸ ಸಾಕಷ್ಟು ಬೆಂಗಳೂರಿಗೆ ಬಂದಿದೆ. ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲಿ ಇಲ್ಲಿ ಕಚೇರಿ ತೆರೆಯಿತು; ಈಗ ನ್ಯೂಯಾರ್ಕ್ ಬಿಟ್ಟರೆ ಅದರ ಅತಿ ದೊಡ್ಡ ನೆಲೆ ಬೆಂಗಳೂರೇ. ಜೆ.ಪಿ. ಮಾರ್ಗನ್, ವೆಲ್ಸ್ ಫಾರ್ಗೊಗಳೂ ಇಲ್ಲಿವೆ. ಜಿಸಿಸಿ (ಗ್ಲೋಬಲ್ ಕೇಪಬಿಲಿಟಿ ಸೆಂಟರ್) ಎಂದು ಕರೆಯುವ ಇಂಥ ಕೇಂದ್ರಗಳಿಗೆಂದೇ ರಾಜ್ಯ 2024ರಲ್ಲಿ ಪ್ರತ್ಯೇಕ ನೀತಿ ತಂದಿತು. ಒಳ್ಳೆಯ ಸಂಬಳದ, ಗೌರವದ ಕೆಲಸಗಳು ಇವು. ತಿಪಟೂರಿನ ಬಿ.ಕಾಂ. ಪದವೀಧರೆ ಅಲ್ಲಿ ಸೇರಿದರೆ ನನಗೆ ಹೆಮ್ಮೆಯೇ. ಕಷ್ಟವಿರುವುದು ಸಂಖ್ಯೆಯಲ್ಲಿ ಮತ್ತು ಗೇಟಿನಲ್ಲಿ. ಇಂಗ್ಲಿಷು, ಪದವಿ, ಸಂದರ್ಶನದ ನಾಲ್ಕು ಸುತ್ತು ದಾಟದವನಿಗೆ ಆ ಕಟ್ಟಡದಲ್ಲಿ ಉಳಿಯುವುದು ಸೆಕ್ಯುರಿಟಿ, ಹೌಸ್‌ಕೀಪಿಂಗ್, ಡೆಲಿವರಿ. ಅವನ ಅಪ್ಪ ಅದೇ ನೆಲದಲ್ಲಿ ಕಾಯಂ ನೌಕರನಾಗಿದ್ದ. ಇವನು ಅಲ್ಲಿ ಗುತ್ತಿಗೆದಾರನ ಆಳು.

ಹಾಗೆಂದು ಕಾರ್ಮಿಕರು ಬೆಂಗಳೂರಿನಿಂದ ಮಾಯವಾಗಲಿಲ್ಲ. ಮಿಲ್ಲಿನ ಗಂಡಸರು ಹೋದ ಜಾಗಕ್ಕೆ ಗಾರ್ಮೆಂಟ್ಸಿನ ಹೆಂಗಸರು ಬಂದರು, ಪೀಣ್ಯಕ್ಕೆ, ಮೈಸೂರು ರಸ್ತೆಗೆ, ಹೊಸೂರು ರಸ್ತೆಗೆ. 2016ರ ಏಪ್ರಿಲಿನಲ್ಲಿ ಪಿ.ಎಫ್. ಹಣ ತೆಗೆಯುವುದಕ್ಕೆ ಕೇಂದ್ರ ಹೊಸ ಕಟ್ಟುಪಾಡು ತಂದಾಗ ಸಾವಿರಾರು ಹೆಣ್ಣುಮಕ್ಕಳು, ದೊಡ್ಡ ಸಂಘಗಳ ಕರೆಯೂ ಇಲ್ಲದೆ, ಎರಡು ದಿನ ರಸ್ತೆಗಿಳಿದರು. ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ಅವರಿಗಾಗಿ ಯಾರೂ ಒಂದು ರಾಜಾಜಿನಗರ ಕಟ್ಟಿಲ್ಲ. ಈ ನಗರದ ಮೇಲೆ ನನಗಿರುವ ದೊಡ್ಡ ದೂರು ಇದೇ.

ನಮ್ಮ ಸರದಿ

ಈಗ ನಮ್ಮ ತುಮಕೂರು ಜಿಲ್ಲೆಗೆ ಬರೋಣ. ಕೈಗಾರಿಕೆ ನಮಗೆ ಹೊಸದಲ್ಲ. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಕಾರ್ಖಾನೆಯಿದ್ದ ಮೈಸೂರು ಸಿಮೆಂಟ್ಸ್ ಕಂಪನಿ 1958ರದು, 2006ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಕೈಗೆ ಹೋಯಿತು. ಚಿಕ್ಕನಾಯಕನಹಳ್ಳಿಯ ಗುಡ್ಡಗಳ ಅದಿರು ಲಾರಿಗಟ್ಟಲೆ ಹೊರಟು, 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆ ನಿಲ್ಲಿಸಿದ ದಿನ ನಿಂತಿತು. ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿ 2016ರಲ್ಲಿ ಮುಚ್ಚಿತು. ಆ ಕಾರ್ಖಾನೆಯ ವಿಷಯದಲ್ಲಿ ಮಾತ್ರ ಒಂದು ಒಳ್ಳೆಯದಾಯಿತು: ಸುಮಾರು 109 ಎಕರೆ ಜಾಗ ಇಸ್ರೊಗೆ ಹೋಯಿತು. ವಾಚು ಮಾಡಿದ ನೆಲ ಬಾಹ್ಯಾಕಾಶದ ಕೆಲಸಕ್ಕೆ ಬಂತು, ನಿವೇಶನಗಳಾಗಿ ಹರಿದು ಹಂಚಿಹೋಗಲಿಲ್ಲ. ಭೂಮಿ ಸಾರ್ವಜನಿಕ ಸ್ವತ್ತಾಗಿ ಉಳಿದಿದ್ದರಿಂದ ಇದು ಸಾಧ್ಯವಾಯಿತು.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರಿನ ಭಾಗವಾಗಿ ತುಮಕೂರಿನಲ್ಲಿ ಕೈಗಾರಿಕಾ ಪಟ್ಟಣ ಕಟ್ಟಲು ಕೇಂದ್ರ ಸಂಪುಟ 2020ರ ಡಿಸೆಂಬರಿನಲ್ಲಿ ಒಪ್ಪಿತು. ವಸಂತನರಸಾಪುರ ಕೈಗಾರಿಕಾ ಪ್ರದೇಶ ಬೆಳೆಯುತ್ತಿದೆ. ಮೆಟ್ರೊ 2024ರ ನವೆಂಬರಿನಲ್ಲಿ ಮಾದಾವರ ಮುಟ್ಟಿತು. ತುಮಕೂರಿಗೂ ತರುವ ಮಾತು ನಡೆದಿದೆ. ಬೆಂಗಳೂರಿನಲ್ಲಿ ನೂರು ವರ್ಷ ಹಿಡಿದ ಪಯಣ ಇಲ್ಲಿ ಇಪ್ಪತ್ತು ಮೂವತ್ತು ವರ್ಷಕ್ಕೆ ಮುಗಿಯಬಹುದು.

ಕಾರ್ಖಾನೆ ಬೇಡ ಎನ್ನುವವನು ನಾನಲ್ಲ. ನುಸಿ ಪೀಡೆ, ಕಾಂಡ ಸೋರುವ ರೋಗ, ಒಂದು ವರ್ಷ ಏರಿ ಮೂರು ವರ್ಷ ಇಳಿಯುವ ಕೊಬ್ಬರಿ ದರ ನೋಡಿದವರಿಗೆ ತಿಂಗಳ ಸಂಬಳದ ಬೆಲೆ ಗೊತ್ತು. ಆದರೆ ಭೂಮಿ ಯಾವ ಷರತ್ತಿನ ಮೇಲೆ ಹೋಗುತ್ತದೆ ಎಂಬುದು ಮುಖ್ಯ. 1966ರ ಕಾಯ್ದೆಯಡಿ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ರೈತರಿಂದ ಭೂಸ್ವಾಧೀನ ಮಾಡಿ ಉದ್ಯಮಿಗಳಿಗೆ ಹಂಚುತ್ತದೆ. ಗುತ್ತಿಗೆ ಮತ್ತು ಮಾರಾಟದ ಕರಾರಿನಲ್ಲಿ ಮೊದಲು ಕೆಲವು ವರ್ಷ ಗುತ್ತಿಗೆ, ಷರತ್ತು ಪೂರೈಸಿದ ಮೇಲೆ ಶುದ್ಧ ಕ್ರಯಪತ್ರ. ಕ್ರಯಪತ್ರ ಕೈಗೆ ಬಂದ ದಿನ ಆ ನೆಲ ಖಾಸಗಿ ಸ್ವತ್ತು. ಮುಂದೆ ಕಾರ್ಖಾನೆ ನಿಂತು, ಊರು ಬೆಳೆದು, ಭೂಬಳಕೆ ಬದಲಾಗಿ, ಎಕರೆ ಚದರಡಿಯಾದಾಗ ಬರುವ ಲಾಭದಲ್ಲಿ ತೋಟ ಕೊಟ್ಟವನಿಗೂ ಪಾಳಿ ಮಾಡಿದವನಿಗೂ ಊರ ಪಂಚಾಯಿತಿಗೂ ಪಾಲಿಲ್ಲ.

ಆದ್ದರಿಂದ ನಮ್ಮ ತಾಲ್ಲೂಕುಗಳ ರೈತರಲ್ಲಿ, ಗ್ರಾಮ ಪಂಚಾಯಿತಿ ಸದಸ್ಯರಲ್ಲಿ, ಶಾಸಕರಲ್ಲಿ ಒಂದು ಮನವಿ. ಭೂಸ್ವಾಧೀನದ ನೋಟಿಸು ಬಂದಾಗ ಎಕರೆಗೆ ಎಷ್ಟು ಕೊಡುತ್ತೀರಿ ಎಂದು ಕೇಳಿ, ಖಂಡಿತ ಕೇಳಿ. ಜೊತೆಗೆ ಇನ್ನಷ್ಟು ಕೇಳಿ. ಉದ್ಯಮಿಗೆ ಕೊಡುವುದು ದೀರ್ಘ ಗುತ್ತಿಗೆಗೋ, ಕ್ರಯಕ್ಕೋ? ಕಾರ್ಖಾನೆ ನಿಂತರೆ ಎಷ್ಟು ವರ್ಷದೊಳಗೆ ನೆಲ ಸರ್ಕಾರಕ್ಕೆ ಮರಳಬೇಕು? ಬಳಕೆ ಬದಲಾದರೆ ಹೆಚ್ಚಾದ ಬೆಲೆಯಲ್ಲಿ ಊರಿನ ಪಾಲೆಷ್ಟು, ಅದನ್ನು ಯಾವ ಕಾಗದದಲ್ಲಿ ಬರೆದಿದ್ದೀರಿ? ಐಟಿಐ ಓದಿದ ನಮ್ಮ ಮಕ್ಕಳಿಗೆ ಕಾಯಂ ಕೆಲಸ ಎಷ್ಟು, ಗುತ್ತಿಗೆ ಕೆಲಸ ಎಷ್ಟು? ದುಡಿಯಲು ಬರುವ ಹೆಣ್ಣುಮಕ್ಕಳಿಗೆ ವಸತಿ ಎಲ್ಲಿ? ಮುಂಬೈಯಲ್ಲಿ ಇಡೀ ಊರಿನ ಪಾಲು ಹೋದದ್ದು ನಿಯಮದಲ್ಲಿ ಸೇರಿಸಿದ ಒಂದೇ ಸಾಲಿನಿಂದ. ಸಹಿ ಹಾಕುವ ಮುನ್ನ ಕರಾರಿನ ಪ್ರತಿಯನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ.